ಒಡೆಯದ ಲಕೋಟೆ

ಸೋಲ್ಜರ್ ಕ್ರೀಕ್, ಅಕ್ಲಿನ್ಸ್ ದ್ವೀಪ
ಜನವರಿ 12, 2014

ಪ್ರೀತಿಯ ಹ್ಯಾವರ್ಡ್,

ನೀನು ಕಳಿಸಿದ ಬ್ಯಾಟರಿ, ಬೆಣ್ಣೆ ಡಬ್ಬಿ ಎರಡೂ ಟಪಾಲು ದೋಣಿಯಲ್ಲಿ ಬಂದು ತಲುಪಿದವು. ಡಬ್ಬಿ ಒಂದು ಕಡೆ ನೆಗ್ಗಿತ್ತು, ಬೆಣ್ಣೆಗೇನೂ ಆಗಿರಲಿಲ್ಲ. ಬ್ಯಾಟರಿ ಹಾಕಿದ ಮೇಲೆ ರೇಡಿಯೋಗೆ ಜೀವ ಬಂತು, ನನಗೆ ರಕ್ತದೊತ್ತಡ ಬಂತು. ಬೆಳಗಾದರೆ ರಾಜಧಾನಿ ನಸ್ಸಾವ್‌ನಲ್ಲಿ ರಾತ್ರಿ ಗುಂಡಿಗೆ ಸತ್ತವರ ಹೆಸರು. ಹವಾಮಾನ ಓದುವ ದನಿಯಲ್ಲೇ ಅದನ್ನೂ ಓದುತ್ತಾರೆ. ಆಮೇಲೆ ಜನ ಫೋನು ಮಾಡಿ ಹೊಟ್ಟೆಯ ಸಂಕಟ ಹೇಳಿಕೊಳ್ಳುವ ಕಾರ್ಯಕ್ರಮ. ನಿನ್ನೆ ಒಬ್ಬಾಕೆ ಹೇಳಿದಳು, ಎರಡೂ ಕಣ್ಣಿಗೆ ಪೊರೆ ಬಂದ ಅವಳ ಮಾವನಿಗೆ ಮನೆಯಲ್ಲಿ ಕೂತಲ್ಲಿಗೇ ಗಾಡಿ ಓಡಿಸುವ ಲೈಸೆನ್ಸ್ ಬಂತಂತೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ದೋಣಿ ನಿಲ್ಲುವ ನಮ್ಮ ಹೊಸ ದಕ್ಕೆ ಕ್ರಿಸ್‌ಮಸ್ ಮರುವಾರದ ಅಲೆಗೆ ಅರ್ಧ ಮುರಿದು ಬಿತ್ತು. ಕಟ್ಟಿ ಹತ್ತು ತಿಂಗಳಾಗಿಲ್ಲ. ಗುತ್ತಿಗೆ ಹಿಡಿದವನು ನಮ್ಮ ಶಾಸಕರ ಹೆಂಡತಿಯ ತಮ್ಮ, ಇದು ಊರಿಗೇ ಗೊತ್ತು. ದೋಣಿಯ ಕ್ಯಾಪ್ಟನ್ ಹೆಜೆಕಾಯ ಹೇಳಿದ: "ಟೀಚರಮ್ಮ, ಆ ಮನುಷ್ಯ ನಸ್ಸಾವ್‌ನಲ್ಲಿ ಮೂರಂತಸ್ತಿನ ಮನೆ ಎತ್ತಿಸಿದಾನೆ. ನಮ್ಮ ಸಿಮೆಂಟು ಎಲ್ಲೂ ಕಳೆದಿಲ್ಲ ಬಿಡಿ, ವಿಳಾಸ ಬದಲಾಯಿಸಿದೆ ಅಷ್ಟೇ." ಎಲ್ಲರೂ ನಕ್ಕರು. ದಕ್ಕೆ ಉದ್ಘಾಟನೆಯ ದಿನ ಅವನು ಕೊಟ್ಟ ಕರಿದ ಮೀನು, ತೊಗರಿ ಅನ್ನ ಉಂಡವರೂ ಇವರೇ. ಪ್ರಾರ್ಥನೆ ಹೇಳಿದವಳು ನಾನು. ಅದು ಈಗ ಉಗುಳಲಾರದ, ನುಂಗಲಾರದ ಬಿಸಿ ತುಪ್ಪವಾಗಿದೆ.

ಇಂಥದರ ನಡುವೆ ನಿನ್ನ ಹೆಸರು ನೆನಪಾದರೆ ನನಗೆ ಬೆನ್ನು ನೆಟ್ಟಗಾಗುತ್ತದೆ. ಕೆಲಸಕ್ಕೆ ಹೊರಟವರೆಲ್ಲ ನನ್ನ ಹತ್ತಿರ ನಡತೆ ಪತ್ರಕ್ಕೆ ಬರುತ್ತಿದ್ದರು. ಶಾಲೆಯಲ್ಲಿ ಕಲಿಸಿದ ನಲವತ್ತು ವರ್ಷದಲ್ಲಿ ಬರೆದುಕೊಟ್ಟದ್ದು ಹದಿನಾಲ್ಕು. ಬರೆಯದೆ ಬಾಗಿಲಿನಿಂದಲೇ ವಾಪಸ್ ಕಳಿಸಿದ್ದಕ್ಕೆ ಲೆಕ್ಕವಿಲ್ಲ. ಪೊಲೀಸ್ ಕೆಲಸಕ್ಕೆಂದು ನಿನಗೆ ಬರೆದದ್ದಕ್ಕೆ ಒಂದು ದಿನವೂ ನಾನು ನಾಚಿಕೆಪಟ್ಟಿಲ್ಲ.

ಡೆಲಿಶಾ ಹಬ್ಬದಿಂದೀಚೆಗೆ ಒಂದು ಸಾಲೂ ಬರೆದಿಲ್ಲ. ತಂಗಿ ಸಾಯುವಾಗ ನನ್ನ ಕೈಗೆ ಹಾಕಿ ಹೋದ ಮಗು, ನನಗೆ ಬೇರೆ ಯಾರಿದ್ದಾರೆ? ಅವಳು ಕೆಲಸ ಮಾಡುವ ಹೋಟೆಲಿಗೆ ಒಮ್ಮೆ ಹೋಗಿ ಬಾ. ಫೋನಿನಲ್ಲಿ ನನಗೆ ಕೇಳಿಸುವುದಿಲ್ಲ, ಗೊತ್ತಲ್ಲ. ಬರೆದು ತಿಳಿಸು.

ನಿನ್ನ,
ಒರ್ಮೆಲಿಯಾ ಹೇಸ್ಟಿ


ನಸ್ಸಾವ್
ಜನವರಿ 28, 2014

ಟೀಚರಮ್ಮ,

ನಿಮ್ಮ ಪತ್ರ ಓದುತ್ತಾ ನಗುತ್ತಿದ್ದೆ. ಎದುರಿಗೆ ಕೂತ ಪೇದೆ, "ಸಾರ್ಜೆಂಟ್‌ಗೆ ಲವ್ ಲೆಟರ್ ಬಂದಿದೆ ಕಣ್ರೋ" ಅಂದ. "ಎಪ್ಪತ್ತೊಂದು ವರ್ಷದ ಹುಡುಗಿ, ಬೆತ್ತ ಇಟ್ಟುಕೊಂಡಿದಾಳೆ, ಹುಷಾರು" ಅಂದೆ.

ನಾನು ಈಗಲೂ ಮುದ್ದೆಮಾಲು ಕೊಠಡಿಯಲ್ಲೇ ಇದ್ದೇನೆ. ನಮ್ಮ ಠಾಣೆಯವರು ಹಿಡಿದ ಬಂದೂಕು, ಚಾಕು, ಪೊಟ್ಟಣ ಎಲ್ಲಕ್ಕೂ ಚೀಟಿ ಕಟ್ಟಿ, ದೊಡ್ಡ ಪುಸ್ತಕದಲ್ಲಿ ಬರೆದು, ಕೋರ್ಟು ಕೇಳಿದ ದಿನ ತೆಗೆದುಕೊಡುವುದು ನನ್ನ ಕೆಲಸ. ಕೀಲಿಕೈ ನನ್ನ ಸೊಂಟದಲ್ಲಿರುತ್ತದೆ. ಹೊಸದಾಗಿ ಬಂದ ಇನ್‌ಸ್ಪೆಕ್ಟರ್ ಲೈಟ್‌ಬರ್ನ್ ಮೊನ್ನೆ ಎಲ್ಲರ ಮುಂದೆ ನನ್ನನ್ನು ಕೇಳಿದರು: "ಏನಯ್ಯಾ ಡೆಲವೋ, ಆ ಬೀಗದ ಕೈನ ಮದುವೆ ಆಗಿಬಿಟ್ಟಿದೀಯಾ? ಒಂದೆರಡು ದಿನ ತವರಿಗಾದ್ರೂ ಕಳಿಸೋ." ಎಲ್ಲರೂ ನಕ್ಕರು, ನಾನೂ ನಕ್ಕೆ.

ನಿಮಗೊಂದು ಪ್ರಶ್ನೆ. ಪರೀಕ್ಷೆಯಲ್ಲಿ ತರಗತಿಗೆ ತರಗತಿಯೇ ಕಾಪಿ ಹೊಡೆಯುತ್ತಿದೆ, ಮೇಲ್ವಿಚಾರಕನೇ ಚೀಟಿ ಹಂಚುತ್ತಿದ್ದಾನೆ ಅಂತಿಟ್ಟುಕೊಳ್ಳಿ. ಕಾಪಿ ಹೊಡೆಯದವನು ತನ್ನ ಪಾಡಿಗೆ ತಾನು ಉತ್ತರ ಬರೆದರೆ ಸಾಕೇ? ಎದ್ದು ನಿಂತು ಹೇಳಬೇಕೇ? ಯೋಚಿಸಿ ಬರೆಯಿರಿ, ಅವಸರವಿಲ್ಲ. ಸ್ವಲ್ಪ ಇದೆ.

ಡೆಲಿಶಾಳನ್ನು ನೋಡಿದೆ. ಚೆನ್ನಾಗಿದ್ದಾಳೆ. ಕೂದಲಿಗೆ ತಾಮ್ರದ ಬಣ್ಣ ಹಾಕಿಸಿದ್ದಾಳೆ.

ನಿಮ್ಮ ವಿದ್ಯಾರ್ಥಿ,
ಹ್ಯಾವರ್ಡ್


ಸೋಲ್ಜರ್ ಕ್ರೀಕ್
ಫೆಬ್ರವರಿ 9, 2014

ಪ್ರೀತಿಯ ಹ್ಯಾವರ್ಡ್,

ಬಡ್ತಿ ಪರೀಕ್ಷೆಗೆ ಕೂರುತ್ತಿದ್ದೀಯ ಅಂತ ನೇರವಾಗಿ ಹೇಳಬಾರದೇ? ಇದೆಂಥ ಒಗಟು! ನಿನ್ನ ಉತ್ತರ ನೀನು ಬರೆ, ಪಕ್ಕದವನ ಕಾಗದ ನೋಡಬೇಡ, ಗಂಟೆ ಹೊಡೆದ ಕೂಡಲೇ ಎದ್ದು ಬಾ. ಎರಡನೇ ತರಗತಿಯಲ್ಲಿ ಹೇಳಿಕೊಟ್ಟದ್ದೇ. ಮಿಕ್ಕವರ ಗೊಡವೆ ನಿನಗೇಕೆ?

ತಾಮ್ರದ ಕೂದಲಂತೆ! ಅವಳಮ್ಮನೂ ಹಾಗೇ ಇದ್ದಳು. ಚೆನ್ನಾಗಿದ್ದಾಳೆಂದು ನೀನು ಬರೆದ ಮೇಲೆ ನನಗೆ ನೆಮ್ಮದಿಯಾಗಿ ನಿದ್ದೆ ಬಂತು.

ಇಲ್ಲಿ ತೊಗರಿ ಚೆನ್ನಾಗಿ ಬಂದಿದೆ. ಒಂದು ಚೀಲ ಸುಲಿದು ಕಳಿಸಿದ್ದೇನೆ, ಒಣಗಿಸಿದ ಶಂಖದ ಮಾಂಸವೂ ಇದೆ. ಡೆಲಿಶಾಗೆ ಅರ್ಧ ಕೊಡು. ಕೊಡದೆ ತಿಂದರೆ ನನಗೆ ಗೊತ್ತಾಗುತ್ತದೆ.

ಒರ್ಮೆಲಿಯಾ


ಸೋಲ್ಜರ್ ಕ್ರೀಕ್
ಫೆಬ್ರವರಿ 23, 2014

ಹ್ಯಾವರ್ಡ್,

ಈ ಪತ್ರವನ್ನು ಎರಡು ಸಲ ಬರೆದು ಹರಿದೆ. ಇದು ಮೂರನೆಯದು.

ಗುರುವಾರ ಐಡೆಲಾಳ ಅಂಗಡಿಗೆ ಫೋನು ಬಂತು. ನನಗೆ ಕೇಳಿಸದೆಂದು ಅವಳು ಗಿರಾಕಿಗಳ ಮುಂದೆಯೇ ನನ್ನ ಕಿವಿಗೆ ಕೂಗಿದಳು: "ಟೀಚರಮ್ಮಾ, ನಿಮ್ಮ ಡೆಲಿಶಾನ ಪೊಲೀಸ್ನೋರು ಹಿಡಿದಿದಾರಂತೆ! ಚೀಲದಲ್ಲಿ ಬಂದೂಕಂತೆ!" ಅಕ್ಕಿ ಅಳೆಸಿಕೊಳ್ಳುತ್ತಿದ್ದವರು ನನ್ನತ್ತ ತಿರುಗಿದರು. ನಾನು ಸಕ್ಕರೆ ಕೊಳ್ಳಲು ಹೋಗಿದ್ದವಳು ಉಪ್ಪು ತೆಗೆದುಕೊಂಡು ಬಂದೆ.

ನಿನಗೆ ಗೊತ್ತೇ ಇರಬೇಕು. ಟ್ರೆವಾನ್ ಎಂಬುವನು ಕಾರು ಓಡಿಸುತ್ತಿದ್ದನಂತೆ. ರಸ್ತೆಯಲ್ಲಿ ಪೊಲೀಸರನ್ನು ಕಂಡು, "ಹೆಂಗಸರ ಚೀಲ ಯಾರೂ ನೋಡಲ್ಲ, ಇಟ್ಕೋ" ಎಂದು ಅವಳ ಮಡಿಲಿಗೆ ಹಾಕಿದನಂತೆ. ಅವಳು ಇಟ್ಟುಕೊಂಡಳು, ದಡ್ಡಿ. ಅವನು ಹೊರಗಿದ್ದಾನೆ, ಇವಳು ಒಳಗಿದ್ದಾಳೆ. ಹೀಗೊಬ್ಬ ಅವಳ ಜೊತೆ ತಿರುಗುತ್ತಿದ್ದಾನೆಂದು ನಿನಗೆ ಮೊದಲೇ ತಿಳಿದಿತ್ತೇ? "ಚೆನ್ನಾಗಿದ್ದಾಳೆ" ಎಂದು ಬರೆದೆಯಲ್ಲ.

ಈಗ ನಾನು ಹೇಳಬಾರದ್ದನ್ನು ಹೇಳುತ್ತೇನೆ. ಆ ಬಂದೂಕು ನಿನ್ನ ಕೊಠಡಿಯಲ್ಲೇ ಇದೆಯಂತೆ. ಫೈಲು ಕಳೆಯಿತು, ಸಾಕ್ಷಿ ಕಳೆಯಿತು ಎಂದು ರೇಡಿಯೋದಲ್ಲಿ ದಿನವೂ ಕೇಳುತ್ತೇನೆ. ದೊಡ್ಡವರ ಮಕ್ಕಳಿಗೆ ಅಷ್ಟು ಸುಲಭವಾಗಿ ಕಳೆಯುವ ವಸ್ತು ನನ್ನ ಮಗಳಿಗೆ ಒಂದು ಸಲ ಕಳೆದರೆ ಯಾವ ದೇಶ ಮುಳುಗಿಹೋಗುತ್ತದೆ? ಮುಳುಗುವುದು ಬಾಕಿ ಇದೆಯೇ? ಅವಳಿಗೆ ಇಪ್ಪತ್ತಾರು. ಒಳಗೆ ಹೋದರೆ ಅವಳು ಹೊರಬರುವ ಹೊತ್ತಿಗೆ ನಾನಿರುವುದಿಲ್ಲ.

ನಾನು ನಿನ್ನನ್ನು ಈವರೆಗೆ ಏನೂ ಕೇಳಿಲ್ಲ. ಇದೊಂದು ಕೇಳುತ್ತಿದ್ದೇನೆ. ಓದಿ ಹರಿದುಹಾಕು.

ಒ.


ನಸ್ಸಾವ್
ಮಾರ್ಚ್ 18, 2014

ಟೀಚರಮ್ಮ,

ಮೂರನೇ ತಾರೀಖಿನ ನನ್ನ ಪತ್ರ ಸಿಕ್ಕಿತೇ? ನಡುವೆ ಎರಡು ಸಲ ಟಪಾಲು ದೋಣಿ ಬಂದು ಹೋಯಿತು, ನಿಮ್ಮಿಂದ ಏನೂ ಇಲ್ಲ. ಬೈದು ಬರೆದರೂ ಸರಿ, ಒಂದು ಸಾಲು ಬರೆಯಿರಿ. ನೀವು ಬರೆದದ್ದನ್ನು ನೀವು ಹೇಳಿದಂತೆ ಹರಿದುಹಾಕಿದ್ದೇನೆ.

ಡೆಲಿಶಾಳ ವಿಚಾರಣೆ ಇಪ್ಪತ್ತಾರಕ್ಕೆ. ನನಗೆ ಇದೇ ವಾರ ಮೂರು ದಿನ ರಜೆ ಹಾಕಲು ಲೈಟ್‌ಬರ್ನ್ ಹೇಳಿದ್ದಾರೆ. ನಾನು ಕೇಳಿರಲಿಲ್ಲ. "ದಣಿದಿದೀಯ, ಹೋಗಿ ಮೀನು ಹಿಡಿ" ಅಂದರು. ಕೀಲಿಕೈ ಅವರಿಗೆ ಒಪ್ಪಿಸಿ ಹೋಗಬೇಕೆಂದರು, ಒಪ್ಪಿಸಿದೆ. ಎಂಟು ವರ್ಷದಲ್ಲಿ ಇದು ಮೊದಲ ಸಲ. ಸೊಂಟ ಹಗುರವಾಗಿದೆ, ಅದೇ ಒಂಥರಾ ಆಗುತ್ತಿದೆ.

ಹ್ಯಾವರ್ಡ್


ಸೋಲ್ಜರ್ ಕ್ರೀಕ್
ಮಾರ್ಚ್ 30, 2014

ನನ್ನ ಮಗನೇ,

ಬುಧವಾರ ಮತ್ತೆ ಐಡೆಲಾ ಕೂಗಿದಳು, ಈ ಸಲ ಸಂತೋಷದಿಂದ. ಬಂದೂಕು ಸಿಗಲಿಲ್ಲವಂತೆ, ನ್ಯಾಯಾಧೀಶರು ಕೇಸು ವಜಾ ಮಾಡಿದರಂತೆ. ನಾನು ಅಂಗಡಿಯ ಮೆಟ್ಟಿಲ ಮೇಲೆ ಕೂತು ಅತ್ತೆ. ಎಲ್ಲರೂ ದೇವರು ದೊಡ್ಡವನು ಅಂದರು. ನಾನೂ ಅಂದೆ. ದೇವರಿಗೆ ಕೀಲಿಕೈ ಕೊಟ್ಟವರು ಯಾರೆಂದು ನನಗೊಬ್ಬಳಿಗೇ ಗೊತ್ತು.

ಮಾರ್ಚ್ 3ರ ನಿನ್ನ ಲಕೋಟೆ ಹನ್ನೊಂದಕ್ಕೇ ಬಂತು. ನಮ್ಮ ಪೋಸ್ಟಿನ ಮಿಸೆಸ್ ಕಾಲಿ ಎಂದಿನಂತೆ ಅದರ ಬಾಯಿ ಅಂಟಿಸಿದ ಜಾಗದ ಮೇಲೆಯೇ ತಾರೀಖಿನ ಮುದ್ರೆ ಒತ್ತಿದ್ದಾಳೆ. ಹಿಂದೆ ಯಾರೋ ಊರವರ ಪತ್ರಗಳನ್ನು ಬಿಚ್ಚಿ ಓದಿದ ಗಲಾಟೆಯಾದಾಗಿನಿಂದ ಅವಳ ಪದ್ಧತಿ ಅದು. ನಾನು ಆ ಲಕೋಟೆ ಒಡೆಯಲಿಲ್ಲ. ನೀನು ಆಗುವುದಿಲ್ಲ ಅಂದಿದ್ದರೆ ನಿನ್ನ ಮೇಲೆ ಸಿಟ್ಟು ಬರುತ್ತಿತ್ತು. ಆಗುತ್ತದೆ ಅಂದಿದ್ದರೆ ನನ್ನ ಮೇಲೆ ಬರುತ್ತಿತ್ತು. ಹಾಗಾಗಿ ಬೈಬಲ್ಲಿನೊಳಗೆ ಇಟ್ಟುಬಿಟ್ಟೆ. ಈಗಂತೂ ಒಡೆಯುವುದಿಲ್ಲ. ಓದದ್ದಕ್ಕೆ ಉತ್ತರ ಕೊಡಬೇಕಾಗಿಲ್ಲ.

ನೀನು ಮಾಡಿದ್ದನ್ನು ನೀನು ಮಾಡಿದ್ದೀಯ. ಈ ಮುದುಕಿಗಾಗಿ ಮಾಡಿದೆ. ಅದರ ಭಾರ ನನ್ನ ತಲೆಯ ಮೇಲಿರಲಿ ಎಂದು ಪ್ರಾರ್ಥಿಸಿದ್ದೇನೆ. ಇನ್ನು ಈ ಮಾತು ನಮ್ಮಿಬ್ಬರ ನಡುವೆ ಬೇಡ.

ನಿನ್ನ,
ಒರ್ಮೆಲಿಯಾ


ನಸ್ಸಾವ್
ಏಪ್ರಿಲ್ 10, 2014

ಟೀಚರಮ್ಮ,

ಇನ್ನು ಮುಂದೆ ಠಾಣೆಯ ವಿಳಾಸಕ್ಕೆ ಬರೆಯಬೇಡಿ. ಲಕೋಟೆಯ ಮೇಲಿರುವುದು ನನ್ನ ಚಿಕ್ಕಮ್ಮನ ಅಂಚೆ ಪೆಟ್ಟಿಗೆ ಸಂಖ್ಯೆ, ಅದಕ್ಕೆ ಬರೆಯಿರಿ. ಮಾರ್ಚ್ ಕೊನೆಯಲ್ಲಿ ಏನಾದರೂ ಬರೆದಿದ್ದೀರಾ? ಬರೆದಿದ್ದರೆ ನನಗೆ ಸಿಕ್ಕಿಲ್ಲ. ಬರೆದಿರದಿದ್ದರೆ ಒಳ್ಳೆಯದು.

ನಾನು ರಜೆಯಲ್ಲಿದ್ದೇನೆ, ಸ್ವಲ್ಪ ಉದ್ದದ ರಜೆ. ಚಿಕ್ಕಮ್ಮನ ಮನೆಗೆ ಬಣ್ಣ ಬಳಿಯುತ್ತಿದ್ದೇನೆ. ಅವರು ಹಳದಿ ಅಂದರು, ತಂದ ಮೇಲೆ ಇದು ಹಳದಿಯೇ ಅಲ್ಲ ಅಂದರು. ಬೀದಿ ನಾಯಿಯೊಂದು ಬಣ್ಣದ ತಟ್ಟೆಗೆ ಕಾಲಿಟ್ಟು ಬೀದಿಯುದ್ದಕ್ಕೂ ಹೆಜ್ಜೆ ಮೂಡಿಸಿದೆ. ಆರೋಗ್ಯವಾಗಿದ್ದೇನೆ.

ಡೆಲಿಶಾ ಅಲ್ಲಿಗೆ ಬರುತ್ತಿದ್ದಾಳಂತೆ. ಅವಳನ್ನು ಬೈಯಬೇಡಿ. ಊಟ ಹಾಕಿ.

ಹ್ಯಾವರ್ಡ್


ಸೋಲ್ಜರ್ ಕ್ರೀಕ್
ಏಪ್ರಿಲ್ 27, 2014

ಹ್ಯಾವರ್ಡ್,

ರಜೆಯಂತೆ, ಬಣ್ಣವಂತೆ, ನಾಯಿಯಂತೆ! ಸುಳ್ಳು ಹೇಳುವುದನ್ನು ನಾನು ನಿನಗೆ ಕಲಿಸಿರಲಿಲ್ಲ.

ಮಂಗಳವಾರ ರೇಡಿಯೋದಲ್ಲಿ ಒಬ್ಬ ಕೂಗಿದ: "ಬೇಲಿಯೇ ಎದ್ದು ಹೊಲ ಮೇಯ್ತಿದೆ ಸ್ವಾಮಿ! ಅಕ್ಲಿನ್ಸ್ ಕಡೆ ಸಾರ್ಜೆಂಟ್ ಒಬ್ಬ ಬಂದೂಕನ್ನೇ ಮಾಯ ಮಾಡಿದಾನೆ. ಅವನ ಟೀಚರಂತೆ, ಥ್ಯಾಂಕ್ಸ್ ಅಂತ ಪತ್ರ ಬೇರೆ ಬರೆದಿದಾಳೆ! ಟೀಚರೇ ಹಿಂಗಾದ್ರೆ ಮಕ್ಕಳ ಗತಿ ಏನು?" ನಾನು ಮೂರು ತಿಂಗಳಿಂದ ಅವನಂಥವರ ಮಾತಿಗೆ ತಲೆದೂಗುತ್ತಿದ್ದವಳು. ಆ ದಿನ ತಲೆ ಎತ್ತಲಾಗಲಿಲ್ಲ. ಹೇಳುವುದು ಶಾಸ್ತ್ರ, ಹಾಕುವುದು ಗಾಳ ಅಂದರೆ ನಾನೇ. ಠಾಣೆಯ ವಿಳಾಸಕ್ಕೆ ಬರೆದ ನನ್ನ ಪತ್ರವನ್ನು ಯಾರೋ ಒಡೆದಿದ್ದಾರೆ, ನೀನು ಮಾಡಿದ್ದಕ್ಕೆ ನನ್ನಿಂದ ಸಿಕ್ಕಿಬಿದ್ದೆಯಲ್ಲ ಎಂದು ಎದೆ ಹೊಡೆದುಕೊಂಡೆ.

ಡೆಲಿಶಾ ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದಳು. ಬಂದಾಗಿನಿಂದ ಸರಿಯಾಗಿ ಉಂಡಿಲ್ಲ.

"ದೊಡ್ಡಮ್ಮಾ, ಹ್ಯಾವರ್ಡಣ್ಣ ಏನೂ ಮಾಡ್ಲಿಲ್ಲ" ಅಂದಳು.

"ಮತ್ತೆ ಬಂದೂಕು ಎಲ್ಲೋಯ್ತೇ?"

"ಟ್ರೆವಾನ್ ಹತ್ರ ಇದೆ. ಆ ಇನ್‌ಸ್ಪೆಕ್ಟರೇ ತೆಗೆದುಕೊಟ್ರಂತೆ. ನನ್ನ ಬಿಡಿಸೋಕೆ ಮಾಡಿದ್ಯಾ ಅಂತ ಕೇಳ್ದೆ. ನಗ್ತಾ ಹೇಳ್ದ, 'ನಿನಗೋಸ್ಕರ ಅಂದ್ಕೊಂಡ್ಯಾ ಹುಚ್ಚಿ? ಅದನ್ನ ಪರೀಕ್ಷೆಗೆ ಕಳಿಸಿದ್ರೆ ಹಳೇ ಹೆಣ ಎದ್ದು ಮಾತಾಡ್ತಿತ್ತು' ಅಂತ. ಅದು ಮತ್ತೆ ಬೀದಿಗೆ ಬಂದಿದೆ ದೊಡ್ಡಮ್ಮ."

"ಇದನ್ನ ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನೀನು ಅಷ್ಟು ಸಂತೋಷವಾಗಿದ್ದೆ. ನನಗೂ ಹೊರಗಿರೋದು ಬೇಕಿತ್ತು."

ನಾನು ಅವಳನ್ನು ಬೈಯಲಿಲ್ಲ. ಬೈಯಲು ನನಗೆ ಯಾವ ಬಾಯಿ? ಯಾರನ್ನೋ ಕೊಂದ ಬಂದೂಕು, ನಾಳೆ ಇನ್ನಾರನ್ನೋ ಕೊಲ್ಲುವ ಬಂದೂಕು. ಅದು ಕಳೆದುಹೋಗಲಿ ಎಂದು ಕೇಳಿದವಳು ನಾನು. ಎಲ್ಲಿಗೆ ಹೋಗುತ್ತದೆಂದು ಯೋಚಿಸಿರಲಿಲ್ಲ. ನನ್ನ ಮನೆಯಿಂದಾಚೆ ಹೋದರೆ ಸಾಕಾಗಿತ್ತು.

ಆಮೇಲೆ ಬೈಬಲ್ ತೆಗೆದು ನಿನ್ನ ಲಕೋಟೆ ನೋಡಿದೆ. ನಸ್ಸಾವ್‌ನ ಮುದ್ರೆ ಮಾರ್ಚ್ 3. ಇಲ್ಲಿಯದು ಮಾರ್ಚ್ 11, ಬಾಯಿಯ ಮೇಲೆ, ಒಂದು ಕೂದಲೆಳೆಯೂ ಸರಿದಿಲ್ಲ. ಬಂದೂಕು ಕಾಣೆಯಾದದ್ದು ಮಾರ್ಚ್ ಇಪ್ಪತ್ತರ ಮೇಲೆ ಎಂದು ರೇಡಿಯೋದಲ್ಲೇ ಹೇಳಿದರು, ಅಂದರೆ ಈ ಪತ್ರ ಅದಕ್ಕೂ ಮೊದಲಿನದು. ಒಳಗೆ ಏನಿದೆಯೋ ನನಗೆ ತಿಳಿಯದು. ಡೆಲಿಶಾಳ ಮಾತಿಗೆ ಅವಳೊಬ್ಬಳೇ ಸಾಕ್ಷಿ. "ಆಗಲಿ ಟೀಚರಮ್ಮ" ಎಂದು ಇದರಲ್ಲಿ ನೀನು ಬರೆದಿದ್ದರೆ, ನಾನೇ ನಿನ್ನ ಕೈಗೆ ಕೋಳ ತೊಡಿಸಿದಂತೆ. ಆದರೆ ನಿನ್ನ ಎಲ್ಲ ಪತ್ರಗಳನ್ನೂ ಮತ್ತೆ ಓದಿದೆ. ಸಿಕ್ಕಿತೇ ಎಂದು ಕೇಳಿದ್ದೀಯ. ಸುಟ್ಟುಹಾಕಿ ಎಂದು ಎಲ್ಲೂ ಬರೆದಿಲ್ಲ. ಇದು ಹೊರಬಂದರೆ ನಾನು ಕೇಳಿದ್ದೂ ಹೊರಬರುತ್ತದೆ, ಅದಕ್ಕೇ ಬಾಯಿ ಮುಚ್ಚಿಕೊಂಡು ಗೋಡೆಗೆ ಬಣ್ಣ ಬಳಿಯುತ್ತಿದ್ದೀಯ. ಪರೀಕ್ಷೆಯ ಒಗಟೂ ಈಗ ಅರ್ಥವಾಯಿತು, ಚೀಟಿ ಹಂಚುವ ಮೇಲ್ವಿಚಾರಕ ಆ ಇನ್‌ಸ್ಪೆಕ್ಟರೇ. ಮಿಕ್ಕವರ ಗೊಡವೆ ನಿನಗೇಕೆ ಎಂದು ಬರೆದಿದ್ದೆ, ನನ್ನ ಬಾಯಿಗೆ ಮಣ್ಣು ಹಾಕ.

ಇದನ್ನು ಇವತ್ತು ಹೊರಡುವ ಸಣ್ಣ ವಿಮಾನದವನ ಕೈಯಲ್ಲಿ ಕಳಿಸುತ್ತಿದ್ದೇನೆ. ಲಕೋಟೆ ಅವನ ಕೈಗೆ ಕೊಡುವುದಿಲ್ಲ. ಬರುವ ಟಪಾಲು ದೋಣಿ ಹತ್ತಿ ಡೆಲಿಶಾ ಮತ್ತು ನಾನೇ ಅದನ್ನು ತರುತ್ತೇವೆ.

ಒರ್ಮೆಲಿಯಾ ಹೇಸ್ಟಿ


ನಸ್ಸಾವ್
ಮೇ 1, 2014

ಟೀಚರಮ್ಮ,

ದಯವಿಟ್ಟು ಬರಬೇಡಿ. ಹೆಜೆಕಾಯನ ಕೈಗೇ ಇದನ್ನು ಕೊಡುತ್ತಿದ್ದೇನೆ, ದೋಣಿ ಹತ್ತುವ ಮೊದಲು ಓದಿ.

ನನ್ನ ಮೇಲಿನ ಇಲಾಖೆಯ ವಿಚಾರಣೆಯಲ್ಲಿ ಅವರು ನಿಮ್ಮನ್ನು ನಿಲ್ಲಿಸಿ ಕೇಳುತ್ತಾರೆ: ನೀವು ಕೇಳಿದ್ದು ನಿಜವೇ ಎಂದು. ನೀವು ಸುಳ್ಳು ಹೇಳುವವರಲ್ಲ. ಶಾಲೆಯ ಗೋಡೆಯ ಮೇಲೆ ನಿಮ್ಮ ಹೆಸರಿದೆ. ಅಕ್ಲಿನ್ಸ್‌ನಲ್ಲಿ ಇನ್ನೂ ಜನ ಮಕ್ಕಳಿಗೆ ನಿಮ್ಮನ್ನು ತೋರಿಸುತ್ತಾರೆ. ನಮ್ಮ ದೇಶದಲ್ಲಿ ಈಗ ತೋರಿಸುವುದಕ್ಕೆ ಎಷ್ಟು ಜನ ಉಳಿದಿದ್ದಾರೆ ಹೇಳಿ? ನನ್ನದು ಒಂದು ಕೆಲಸ, ಹೋದರೆ ಹೋಗುತ್ತದೆ. ಮೀನು ಹಿಡಿಯುವುದು ನನಗೆ ಮರೆತಿಲ್ಲ. ಡೆಲಿಶಾಳ ಕೇಸೂ ಮತ್ತೆ ಏಳುತ್ತದೆ. ಅವಳಿಗೆ ಆಗುವುದನ್ನು ನಿಮ್ಮಿಂದ ನೋಡಲಾಗದು.

ಲಕೋಟೆಯನ್ನು ಒಲೆಗೆ ಹಾಕಿ. ಈಗ ಹೇಳುತ್ತಿದ್ದೇನೆ, ಹಾಕಿಬಿಡಿ.

ಹ್ಯಾವರ್ಡ್


ಸೋಲ್ಜರ್ ಕ್ರೀಕ್
ಮೇ 25, 2014

ಪ್ರೀತಿಯ ಹ್ಯಾವರ್ಡ್,

ವಿಚಾರಣೆಯ ಕೋಣೆಯ ಬಾಗಿಲಲ್ಲಿ ನಿನ್ನ ಜೊತೆ ಎರಡು ಮಾತೂ ಆಡಲಾಗಲಿಲ್ಲ. ನೀನು ಅಳುತ್ತಿದ್ದೆ, ನನಗೆ ಕೇಳಿಸುತ್ತಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹೆಜೆಕಾಯ ನಿನ್ನ ಪತ್ರವನ್ನು ಮುರಿದ ದಕ್ಕೆಯ ಮೇಲೆ ನನ್ನ ಕೈಗಿತ್ತು, "ಹತ್ತೋ ಮೊದಲು ಓದಬೇಕಂತೆ" ಅಂದ. "ಹತ್ತಿದ ಮೇಲೆ ಓದ್ತೀನಿ" ಅಂದೆ. ಅದನ್ನೂ ಒಡೆಯಲಿಲ್ಲ. ನಿನ್ನ ಪತ್ರ ಒಡೆಯದಿರುವುದು ನನಗೀಗ ರೂಢಿಯಾಗಿದೆ. ಎಲ್ಲ ಮುಗಿದ ಮೇಲೆ ಓದಿದೆ. ಓದಿದ್ದರೂ ಬರುತ್ತಿದ್ದೆ.

ನಿನ್ನನ್ನು ಹೊರಗೆ ಕೂರಿಸಿದ್ದರು, ಒಳಗೆ ಆದದ್ದು ನಿನಗೆ ಗೊತ್ತಿಲ್ಲ. ವಿಚಾರಣೆಯ ಅಧಿಕಾರಿಗಳು ಮೂವರು ಕೂತಿದ್ದರು. ನಡುವಿನವರು ಲಕೋಟೆಯನ್ನು ಬೆಳಕಿಗೆ ಹಿಡಿದು, ನನಗೆ ಕೇಳಿಸುವಂತೆ ಜೋರಾಗಿ ಕೇಳಿದರು.

"ಇದರೊಳಗೇನಿದೆ ಅಂತ ಗೊತ್ತೇನಮ್ಮ ನಿಮಗೆ?"

"ಗೊತ್ತಿಲ್ಲ ಸಾರ್."

"ಗೊತ್ತಿಲ್ದೆ ಇಷ್ಟು ದೂರ ಹೊತ್ಕೊಂಡು ಬಂದ್ರಾ?"

"ಬರೆದೋನು ಗೊತ್ತು ಸಾರ್."

ಲೈಟ್‌ಬರ್ನ್ ಎಂಬಾತ ಎದ್ದು, ಹಬೆಗೆ ಹಿಡಿದು ಬಿಚ್ಚಿ ಮತ್ತೆ ಅಂಟಿಸಿರಬಹುದು, ಹಳ್ಳಿ ಹೆಂಗಸರಿಗೆ ಇಂಥವೆಲ್ಲ ಗೊತ್ತಿರುತ್ತದೆ ಅಂದ. ಬಾಯಿಯ ಮೇಲಿನ ಮುದ್ರೆ ತೋರಿಸಿದೆ. ಹಬೆ ತಾಗಿದರೆ ಆ ನೇರಳೆ ಶಾಯಿ ಹರಡುತ್ತದೆ ಎಂದೆ. ಅವರು ಭೂತಗನ್ನಡಿ ತರಿಸಿ ಮೂವರೂ ನೋಡಿದರು. ಮಿಸೆಸ್ ಕಾಲಿಗೆ ಇಷ್ಟು ಮರ್ಯಾದೆ ಅವಳ ಜೀವಮಾನದಲ್ಲೇ ಸಿಕ್ಕಿರಲಿಲ್ಲ.

ಆಮೇಲೆ ಸಣ್ಣ ಮಡಚು ಚಾಕುವಿನಿಂದ ಒಡೆದರು. ಗುಮಾಸ್ತ ಮೆಲುದನಿಯಲ್ಲಿ ಓದಲು ಶುರುಮಾಡಿದ. ನನಗೆ ಕೇಳಿಸಲಿಲ್ಲ. ಕಿವಿಗೆ ಕೈ ಹಿಡಿದು ಮುಂದೆ ಬಾಗಿದ್ದನ್ನು ನೋಡಿ ನಡುವಿನವರು, "ನಿಮಗೆ ಬಂದ ಪತ್ರ, ನೀವೇ ಓದಿ" ಅಂದರು. ನಲವತ್ತು ವರ್ಷ ಮಕ್ಕಳನ್ನು ನಿಲ್ಲಿಸಿ ಓದಿಸಿದವಳು, ಆ ದಿನ ನಾನು ಎದ್ದು ನಿಂತು ಓದಿದೆ. ಮೂಲೆಯಲ್ಲಿ ಪತ್ರಿಕೆಯವನು ಬರೆದುಕೊಳ್ಳುತ್ತಿದ್ದ. ನಡುವೆ ಒಂದು ಸಾಲನ್ನು ಎರಡು ಸಲ ಓದಿದೆ. ಯಾರೂ ಅವಸರಪಡಿಸಲಿಲ್ಲ. ಓದಿ ಮುಗಿದ ಮೇಲೆ ಕೇಳಿದರು, "ಹಾಗಾದ್ರೆ ಬಂದೂಕು ಮಾಯ ಮಾಡು ಅಂತ ಕೇಳಿದ್ದು ನೀವೇ?" "ಹೌದು ಸಾರ್, ನಾನೇ ಕೇಳಿದೆ" ಅಂದೆ. ಅದನ್ನು ನಾನು ಜೋರಾಗಿಯೇ ಹೇಳಿದೆ ಅನ್ನಿಸುತ್ತದೆ.

ಡೆಲಿಶಾ ತನಗೆ ತಿಳಿದದ್ದನ್ನೆಲ್ಲ ಬರೆದು ಸಹಿ ಮಾಡಿದಳು. ಅವಳ ಕೇಸು ಮತ್ತೆ ಎದ್ದಿದೆ, ಶಿಕ್ಷೆಯಾಗಬಹುದು. ಲೈಟ್‌ಬರ್ನ್‌ಗೆ ಸಂಬಳ ಸಹಿತ ರಜೆಯಂತೆ. ಅವನೂ ಮನೆಗೆ ಬಣ್ಣ ಬಳಿಯುತ್ತಿರಬಹುದು. ಟ್ರೆವಾನ್ ಸಿಕ್ಕಿಲ್ಲ, ಬಂದೂಕೂ ಸಿಕ್ಕಿಲ್ಲ. ಬೆಳಿಗ್ಗೆ ರೇಡಿಯೋ ಹಾಕಿದಾಗ ಸತ್ತವರ ಹೆಸರು ಬಂದರೆ ಕಿವಿ ಹಚ್ಚಿ ಕೊನೆಯ ಹೆಸರಿನವರೆಗೂ ಕೇಳುತ್ತೇನೆ. ಇದು ನನ್ನ ಪಾಲಿನ ಶಿಕ್ಷೆ, ಇರಲಿ.

ಶಾಲೆಯ ಗೋಡೆಯ ಮೇಲಿನ ನನ್ನ ಹೆಸರಿಗೆ ಸುಣ್ಣ ಹೊಡೆಸಿ ಎಂದು ನಾನೇ ಕಮಿಟಿಗೆ ಹೇಳಿದೆ. ಸುಣ್ಣಕ್ಕೆ ಇನ್ನೂ ಮಂಜೂರಾತಿ ಬಂದಿಲ್ಲ ಅಂದರು. ಕೆಲವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಐಡೆಲಾ ಮಾತ್ರ ಮೊದಲಿನಂತೆಯೇ ಕೂಗುತ್ತಾಳೆ.

ಮೂಲ ಪತ್ರವನ್ನು ಅವರು ಇಟ್ಟುಕೊಂಡರು, ನನಗೆ ನಕಲು ಕೊಟ್ಟರು. ನೀನು ಬರೆದದ್ದನ್ನು ನಿನ್ನ ಹತ್ತಿರವೂ ಇಟ್ಟುಕೊಳ್ಳಬೇಕು. ಹದಿನಾಲ್ಕು ನಡತೆ ಪತ್ರ ಬರೆದವಳಿಗೆ ಬಂದದ್ದು ಇದೊಂದೇ. ನನ್ನ ಕೈಯಾರೆ ಪ್ರತಿ ಮಾಡಿ ಇದರ ಜೊತೆ ಕಳಿಸಿದ್ದೇನೆ.

ನಿನ್ನ,
ಒರ್ಮೆಲಿಯಾ


ನಸ್ಸಾವ್
ಮಾರ್ಚ್ 3, 2014

ಟೀಚರಮ್ಮ,

ಆಗುವುದಿಲ್ಲ. ಮೊದಲು ಇದನ್ನು ಬರೆದುಬಿಡುತ್ತೇನೆ, ಆಮೇಲೆ ಬರೆಯಲು ಧೈರ್ಯ ಸಾಲದಿರಬಹುದು.

ಟ್ರೆವಾನ್‌ನನ್ನು ಅವಳ ಜೊತೆ ಜನವರಿಯಲ್ಲೇ ನೋಡಿದ್ದೆ. ನಿಮಗೆ ನೋವಾಗುತ್ತದೆಂದು ಬರೆಯಲಿಲ್ಲ. ಬರೆದಿದ್ದರೆ ನೀವು ಅವಳನ್ನು ಕರೆಸಿಕೊಳ್ಳುತ್ತಿದ್ದಿರಿ. ಆ ತಪ್ಪು ನನ್ನದು, ಅದಕ್ಕೆ ನಿಮ್ಮ ಕ್ಷಮೆ ಕೇಳುತ್ತೇನೆ.

ನಾನು ನಡತೆ ಪತ್ರಕ್ಕೆ ಬಂದ ದಿನ ನಿಮಗೆ ನೆನಪಿದೆಯೇ? ನಿಮ್ಮ ಅಣ್ಣ ನನಗಿಂತ ಮೊದಲೇ ಬಂದು ಕೂತಿದ್ದರು, ಅವರ ಮಗನಿಗೂ ಒಂದು ಬೇಕಿತ್ತು. ನಾನು ಕಿಟಕಿಯಾಚೆ ತೊಗರಿ ಸುಲಿಯುತ್ತಿದ್ದೆ. ನೀವು ಬರೆಯುವುದಿಲ್ಲ ಅಂದಿರಿ. ಅವರು, "ಒಂದೇ ರಕ್ತ ಅಲ್ವೇನೇ? ಒಂದು ಸುಳ್ಳು ಬರೆದ್ರೆ ನಿನ್ನ ಗಂಟೇನು ಹೋಗತ್ತೆ?" ಎಂದು ಕೂಗಿದರು. ಆಗ ನೀವು, "ಅಣ್ಣಾ, ಬರೆದಿದ್ದನ್ನ ಯಾರೋ ಒಬ್ಬ ಓದಿ ನಂಬ್ತಾನೆ. ಅವನು ನನಗೇನು ಕೆಟ್ಟದ್ದು ಮಾಡಿದಾನೆ?" ಅಂದಿರಿ. ನಿಮ್ಮಣ್ಣ ಸಾಯುವವರೆಗೂ ನಿಮ್ಮ ಜೊತೆ ಮಾತಾಡಲಿಲ್ಲ. ಅವರ ಹೆಣದ ಮುಂದೆ ನೀವು ಅತ್ತದ್ದನ್ನೂ ನಾನು ನೋಡಿದ್ದೇನೆ.

ಕೊಠಡಿಯ ಪುಸ್ತಕದಲ್ಲಿ ಪ್ರತಿ ಸಲ ಬರೆಯುವಾಗ ಆ ಮಾತು ನೆನಪಾಗುತ್ತದೆ. ಇಲ್ಲಿ ಎಲ್ಲರೂ ನಗುತ್ತಾರೆ. ನಾನು ಯಾರಿಗೋಸ್ಕರ ಬರೆಯುತ್ತಿದ್ದೇನೆಂದು ಅವರಿಗೆ ಗೊತ್ತಿಲ್ಲ. ನನಗೂ ಅವನ ಮುಖ ಗೊತ್ತಿಲ್ಲ.

ನಿಮಗೆ ಸಿಟ್ಟು ಬರುತ್ತದೆ. ಬರಲಿ. ಪತ್ರ ಬರೆಯುವುದನ್ನು ಮಾತ್ರ ನಿಲ್ಲಿಸಬೇಡಿ.

ನಿನ್ನೆ ಡೆಲಿಶಾಳನ್ನು ನೋಡಲು ಹೋಗಿದ್ದೆ. ಬೇಯಿಸಿದ ಮೀನು, ಜಾನಿ ಕೇಕ್ ರೊಟ್ಟಿ ಒಯ್ದಿದ್ದೆ. ಒಂದು ತುಂಡು ಮುರಿದು ತಿಂದು, "ದೊಡ್ಡಮ್ಮ ಮಾಡೋ ಥರ ಇಲ್ಲ" ಅಂದಳು. ಆಮೇಲೆ ಎಲ್ಲ ತಿಂದಳು. ಬಂದೂಕು ಯಾರದೆಂದು ನಿಜ ಹೇಳು ಎಂದು ಹೇಳಿದ್ದೇನೆ. ವಕೀಲರೊಬ್ಬರ ಹತ್ತಿರವೂ ಮಾತಾಡಿದ್ದೇನೆ. ಅವಳು ಹೊರಗೆ ಬರುವವರೆಗೆ, ಎಷ್ಟು ವರ್ಷವಾದರೂ, ವಾರಕ್ಕೊಮ್ಮೆ ಹೋಗುತ್ತೇನೆ. ಜಾನಿ ಕೇಕಿಗೆ ನೀವು ಹಾಲು ಎಷ್ಟು ಹಾಕುತ್ತೀರೆಂದು ಬರೆದು ಕಳಿಸಿ.

ನಿಮ್ಮ ವಿದ್ಯಾರ್ಥಿ,
ಹ್ಯಾವರ್ಡ್